ಸೊನ್ನೆ-ಒಂದರ ಲೈಬ್ನಿಜ್: ಲೆಕ್ಕ ಗೆದ್ದಿತು, ಲೆಕ್ಕಿಗ ಸೋತ

ರೇಷನ್ ಅಂಗಡಿಯ ಮೆಷಿನ್ ಮೇಲೆ ಅಜ್ಜಿಯೊಬ್ಬರು ಹೆಬ್ಬೆರಳು ಒತ್ತುತ್ತಾರೆ. ಮ್ಯಾಚ್ ಆದ್ರೆ ಅಕ್ಕಿ, ಆಗದಿದ್ರೆ ಇಲ್ಲ. ಹೌದು ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಈ ಎರಡೇ ಅಂಕಿಗಳಲ್ಲಿ ಎಲ್ಲ ಸಂಖ್ಯೆಗಳನ್ನೂ ಬರೆದು, ಕೂಡಿ, ಕಳೆದು, ಗುಣಿಸಿ ತೋರಿಸಿ, ಅದನ್ನು ಯುರೋಪಿನ ಮುಂದಿಟ್ಟವನು ಜರ್ಮನಿಯ ಗಾಟ್‌ಫ್ರೀಡ್ ವಿಲ್‌ಹೆಲ್ಮ್ ಲೈಬ್ನಿಜ್. ಆತನ ಬದುಕನ್ನು ಇವತ್ತು ಓದಬೇಕಾದ್ದು ಆ ಗೆಲುವಿಗಾಗಿ ಮಾತ್ರ ಅಲ್ಲ, ಆತ ಸೋತ ರೀತಿಗಾಗಿಯೂ ಹೌದು.

ಹುಟ್ಟಿದ್ದು 1646ರಲ್ಲಿ, ಲೈಪ್‌ಜಿಗ್‌ನಲ್ಲಿ. ಧರ್ಮದ ಜಗಳವಾಗಿ ಶುರುವಾಗಿ ಜರ್ಮನಿಯ ಊರುಗಳನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧ ಇನ್ನೂ ಮುಗಿದಿರಲಿಲ್ಲ. ಆರನೇ ವಯಸ್ಸಿಗೆ ಅಪ್ಪ ತೀರಿಕೊಂಡರು, ಅವರ ಪುಸ್ತಕಗಳು ಉಳಿದವು. ಹುಡುಗ ಅದರಲ್ಲೇ ಬೆಳೆದ. ಕಾನೂನು ಓದಿದ, ರಾಜಕೀಯದ ಕೆಲಸದ ಮೇಲೆ 1672ರಲ್ಲಿ ಪ್ಯಾರಿಸ್‌ಗೆ ಹೋದ, ಅಲ್ಲಿ ಗಣಿತಕ್ಕೆ ಬಿದ್ದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತಾನು ಮಾಡಿದ ಲೆಕ್ಕದ ಯಂತ್ರವನ್ನು ತೋರಿಸಿದ. ಅದಿನ್ನೂ ಪೂರ್ತಿಯಾಗಿರಲಿಲ್ಲ.

ಆತನಿಗೊಂದು ದೊಡ್ಡ ಕನಸಿತ್ತು. ವಿಚಾರಗಳಿಗೂ ಅಂಕಿಗಳಂಥ ಗುರುತುಗಳನ್ನು ಕೊಟ್ಟುಬಿಟ್ಟರೆ, ವಾದ ಮಾಡೋರು ಕೂಗಾಡಬೇಕಿಲ್ಲ. ಮೇಜಿನ ಎದುರು ಕೂತು ಲೆಕ್ಕ ಮಾಡಿದ್ರೆ ಯಾರು ಸರಿ ಅಂತ ಗೊತ್ತಾಗುತ್ತೆ. ಯುದ್ಧದ ಬೂದಿಯಲ್ಲಿ ಬೆಳೆದವನಿಗೆ ಇಂಥ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಹುಡುಕಾಟದಲ್ಲೇ ಸಂಖ್ಯೆಗಳನ್ನು ಇನ್ನೂ ಸರಳ ಮಾಡಲು ಹೊರಟ. ನಾವು ಹತ್ತರ ಗುಂಪಿನಲ್ಲಿ ಎಣಿಸ್ತೀವಿ. ಯಾಕೆ? ಕೈಗೆ ಹತ್ತು ಬೆರಳಿವೆ, ಅಷ್ಟೇ. ಅದು ರೂಢಿ, ಪ್ರಕೃತಿಯ ನಿಯಮವಲ್ಲ. 1957ರ ತನಕ ನಮ್ಮ ರೂಪಾಯಿಗೆ ಹದಿನಾರು ಆಣೆ ಇತ್ತು. ಹದಿನಾರಾಣೆ ಸತ್ಯ ಅಂತ ಈಗಲೂ ಅಂತೀವಲ್ಲ, ಅದು ಆ ಲೆಕ್ಕದ ಗುರುತು. ಗಡಿಯಾರದಲ್ಲಿ ಇನ್ನೂ ಅರವತ್ತರ ಲೆಕ್ಕವೇ ನಡೀತಿದೆ. ಲೈಬ್ನಿಜ್ ಇದನ್ನು ಕಟ್ಟಕಡೆಯ ತನಕ ಎಳೆದ. ಹತ್ತು ಬೇಡ, ಎರಡು ಸಾಕು.

ಹದಿಮೂರನ್ನು ತಗೊಳ್ಳಿ. ಎರಡರಿಂದ ಭಾಗಿಸಿದರೆ 6, ಉಳಿದದ್ದು 1. ಆರನ್ನು ಭಾಗಿಸಿದರೆ 3, ಉಳಿದದ್ದು 0. ಮೂರನ್ನು ಭಾಗಿಸಿದರೆ 1, ಉಳಿದದ್ದು 1. ಕೊನೆಯ ಒಂದನ್ನು ಭಾಗಿಸಿದರೆ 0, ಉಳಿದದ್ದು 1. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ 1101. ವಾಪಸ್ ಬರೋದೂ ಸುಲಭ. ಬಲದಿಂದ ಎಡಕ್ಕೆ ಸ್ಥಾನಗಳ ಬೆಲೆ 1, 2, 4, 8. ಒಂದು ಇರುವ ಕಡೆಯ ಬೆಲೆಗಳನ್ನು ಕೂಡಿ: 8, 4, 1. ಹದಿಮೂರು ಬಂತು.

ಕೂಡೋದಕ್ಕೆ ನೆನಪಿಡಬೇಕಾದ್ದು ಒಂದೇ: ಒಂದಕ್ಕೆ ಒಂದು ಸೇರಿದರೆ ಸೊನ್ನೆ ಬರೆದು, ಒಂದನ್ನು ದಶಕದ ಹಾಗೆ ಪಕ್ಕಕ್ಕೆ ಒಯ್ಯಬೇಕು. 110ಕ್ಕೆ 111 ಕೂಡಿದರೆ 1101, ಅಂದ್ರೆ ಆರು ಮತ್ತು ಏಳು ಸೇರಿ ಹದಿಮೂರು. ಇದು 1703ರ ತನ್ನ ಪ್ರಬಂಧದಲ್ಲಿ ಆತನೇ ಕೊಟ್ಟ ಉದಾಹರಣೆ. 1, 2, 4, 8ರ ತೂಕದ ಬಟ್ಟುಗಳಿದ್ದರೆ ಹದಿನೈದರವರೆಗಿನ ಯಾವ ತೂಕವನ್ನಾದರೂ ತೂಗಬಹುದು, ಇದೇ ತತ್ವ ನಾಣ್ಯಗಳಿಗೂ ಒದಗುತ್ತೆ ಅಂತಲೂ ಅಲ್ಲಿ ತೋರಿಸಿದ. ದಿನದ ವ್ಯವಹಾರಕ್ಕೆ ಮಾತ್ರ ಹತ್ತನ್ನು ಬಿಡಿ ಅನ್ನಲಿಲ್ಲ. ಎರಡರಲ್ಲಿ ಬರೆದ ಸಂಖ್ಯೆ ಉದ್ದವಾಗುತ್ತೆ ಅಂತ ಗೊತ್ತಿತ್ತು. ಆದರೆ 1679ರಲ್ಲೇ, ತೆರೆದ ಮತ್ತು ಮುಚ್ಚಿದ ತೂತುಗಳ ಮೂಲಕ ಗೋಲಿಗಳು ಉರುಳಿ ಈ ಲೆಕ್ಕ ಮಾಡುವ ಯಂತ್ರವೊಂದನ್ನು ಕಾಗದದ ಮೇಲೆ ಕಲ್ಪಿಸಿದ್ದ.

ಇಲ್ಲಿಯವರೆಗೆ ಲೆಕ್ಕ. ಇಲ್ಲಿಂದ ಮುಂದೆ ಅರ್ಥ ಹಚ್ಚುವ ಕೆಲಸ.

1697ರಲ್ಲಿ ಒಬ್ಬ ಡ್ಯೂಕ್‌ಗೆ ಕಾಗದ ಬರೆದು, ಒಂದು ಅಂದ್ರೆ ದೇವರು, ಸೊನ್ನೆ ಅಂದ್ರೆ ಶೂನ್ಯ, ಸೃಷ್ಟಿಯೆಲ್ಲ ಇವೆರಡರಿಂದ ಅಂತ ವಿವರಿಸಿದ. ಅದಕ್ಕೊಂದು ಪದಕದ ವಿನ್ಯಾಸವನ್ನೂ ಕಳಿಸಿದ. 1703ರಲ್ಲಿ ಚೀನಾದಲ್ಲಿದ್ದ ಪಾದ್ರಿ ಬೂವೆ ಕಳಿಸಿದ ಯಿಜಿಂಗ್‌ನ 64 ಗೆರೆಚಿತ್ರಗಳು ಕೈಸೇರಿದವು. ತುಂಡು ಗೆರೆ ಸೊನ್ನೆ, ಇಡೀ ಗೆರೆ ಒಂದು. ಸಾವಿರಾರು ವರ್ಷಗಳ ಹಿಂದೆಯೇ ಚೀನಾದ ಫೂ ಶಿಗೆ ಇದೇ ಗಣಿತ ಗೊತ್ತಿತ್ತು ಅಂತ ನಂಬಿಬಿಟ್ಟ. ನಿಜವಾಗಿ ಆ ಚಿತ್ರಗಳ ಜೋಡಣೆ 11ನೇ ಶತಮಾನದ ಶಾವ್ ಯೊಂಗ್‌ನದ್ದು. ಗೆರೆಗಳಿದ್ದವು, ಕೂಡುವ-ಕಳೆಯುವ ಲೆಕ್ಕ ಇರಲಿಲ್ಲ.

ನಮ್ಮಲ್ಲೂ ಈ ಚಪಲ ಇದೆ. ಪಿಂಗಳನ ಛಂದಸ್ಸಿನ ಲಘು-ಗುರು ಪ್ರಸ್ತಾರ ಎರಡು ಗುರುತುಗಳ ಜೋಡಣೆಗಳನ್ನು ಎಣಿಸುವ ಅದ್ಭುತ ಕ್ರಮ. ಅದನ್ನು ಹಾಗೇ ಮೆಚ್ಚಿದರೆ ಸಾಲದು, ಕಂಪ್ಯೂಟರ್ ನಾವೇ ಕಂಡುಹಿಡಿದಿದ್ವಿ ಅಂತ ವಾಟ್ಸಾಪ್‌ನಲ್ಲಿ ಹಂಚಬೇಕು! ಲೈಬ್ನಿಜ್‌ನಂಥ ಬುದ್ಧಿವಂತನೇ ಬೇಕಾದ್ದನ್ನು ಗೆರೆಗಳಲ್ಲಿ ಓದಿಕೊಂಡ ಅಂದಮೇಲೆ ಉಳಿದವರ ಪಾಡೇನು?

ಕೊನೆಗೆ ಆತನದೇ ಜಗಳವೊಂದು ತೀರ್ಪಿಗೆ ಬಂತು. ಕಲನಶಾಸ್ತ್ರವನ್ನು ಮೊದಲು ಕಂಡುಹಿಡಿದದ್ದು ಯಾರು, ನ್ಯೂಟನ್ನೋ ಲೈಬ್ನಿಜ್ಜೋ? 1712ರಲ್ಲಿ ರಾಯಲ್ ಸೊಸೈಟಿ ಸಮಿತಿ ಮಾಡಿತು. ಸೊಸೈಟಿಯ ಅಧ್ಯಕ್ಷ ನ್ಯೂಟನ್. ವರದಿಯನ್ನು ಬರೆದದ್ದೂ ಮುಖ್ಯವಾಗಿ ನ್ಯೂಟನ್ನೇ. ಲೈಬ್ನಿಜ್‌ನ ಮಾತು ಕೇಳಲೇ ಇಲ್ಲ. ಇಬ್ಬರೂ ಸ್ವತಂತ್ರವಾಗಿ ಕಂಡುಕೊಂಡರು ಅನ್ನೋದು ಇಂದಿನ ಇತಿಹಾಸಕಾರರ ಒಪ್ಪಿತ ಅಭಿಪ್ರಾಯ. ಜಗಳಗಳನ್ನು ಲೆಕ್ಕವೇ ಬಗೆಹರಿಸುತ್ತೆ ಅಂದಿದ್ದವನ ಜಗಳವನ್ನು ಎದುರಾಳಿಯೇ ಬಗೆಹರಿಸಿದ.

1714ರಲ್ಲಿ ಆತನ ಧಣಿ, ಹ್ಯಾನೋವರ್‌ನ ದೊರೆ, ಇಂಗ್ಲೆಂಡಿನ ಒಂದನೇ ಜಾರ್ಜ್ ಆಗಿ ಲಂಡನ್ನಿಗೆ ಹೋದ. ರಾಜಮನೆತನದ ಇತಿಹಾಸ ಬರೆದು ಮುಗಿಸುವ ತನಕ ಅಲ್ಲೇ ಇರು ಅಂತ ಲೈಬ್ನಿಜ್‌ನನ್ನು ಬಿಟ್ಟುಹೋದರು. ಆ ಇತಿಹಾಸ ಕ್ರಿ.ಶ. 1005ರ ತನಕ ಮಾತ್ರ ಬಂತು. 1716ರ ನವೆಂಬರ್ 14ರಂದು ಆತ ತೀರಿಕೊಂಡಾಗ ಮಣ್ಣಿಗೆ ಆಸ್ಥಾನದವರು ಬರಲಿಲ್ಲ. ಐವತ್ತು ವರ್ಷ ಕಳೆದರೂ ಸಮಾಧಿಯ ಮೇಲೆ ಹೆಸರಿರಲಿಲ್ಲ.

ಸೊನ್ನೆ-ಒಂದರ ಲೆಕ್ಕ ಮಾತ್ರ ಗೆದ್ದಿತು. 1945ರಲ್ಲಿ ಸಿದ್ಧವಾದ ಎನಿಯಾಕ್ ಇನ್ನೂ ಹತ್ತರ ಲೆಕ್ಕದಲ್ಲೇ ಓಡುತ್ತಿತ್ತು. ನಂತರ ಬಂದ ಯಂತ್ರಗಳು ಎರಡಕ್ಕೆ ಹೊರಳಿದವು. ನಿಮ್ಮ ಕೈಯಲ್ಲಿರುವ ಫೋನೂ ಅಷ್ಟೇ.

110ಕ್ಕೆ 111 ಕೂಡಿದರೆ 1101. ಅದನ್ನು ಯಾವ ಸರ್ಕಾರವೂ ಬದಲಿಸಲಾರದು. ಆದರೆ ಯಾವುದನ್ನು ಒಂದು ಅನ್ನಬೇಕು, ಯಾವುದನ್ನು ಸೊನ್ನೆ ಅನ್ನಬೇಕು ಅಂತ ತೀರ್ಮಾನಿಸೋದು ಮೆಷಿನ್ ಅಲ್ಲ, ಅದನ್ನು ಇಟ್ಟವರು. ಸವೆದ ಹೆಬ್ಬೆರಳು ಸೊನ್ನೆ ಆಗಿದ್ದು ಗಣಿತದಿಂದಲ್ಲ. ಸಿಸ್ಟಮ್ ಹೇಳ್ತಿದೆ ಅಂತ ಯಾರಾದರೂ ಕೈತೊಳೆದುಕೊಂಡರೆ ಕೇಳಬೇಕಾದ್ದು ಒಂದೇ: ಈ ಸಮಿತಿಯ ವರದಿ ಬರೆದವರು ಯಾರು?