ಎರಡಾಣೆಯಲ್ಲಿ ಪೇಟೆಯ ನಾಡಿ ಹಿಡಿದ ವೈದ್ಯ

ಹುಂಚ: ಹೊಸನಗರ ತಾಲ್ಲೂಕಿನ ಹುಂಚವನ್ನು ನಾಡು ಬಲ್ಲದ್ದು ಪದ್ಮಾವತಿ ದೇವಿಯ ಜೈನ ಕ್ಷೇತ್ರವಾಗಿ. ಇಂತಹ ಊರುಗಳ ಹಣ್ಣುಕಾಯಿ ಅಂಗಡಿ, ಹೋಟೆಲುಗಳ ವ್ಯಾಪಾರ ಯಾತ್ರಿಕರನ್ನೇ ನೆಚ್ಚಿಕೊಂಡಿರುತ್ತದೆ. ಮಲೆನಾಡಿನ ಅಂಗಡಿ ಸಾಲುಗಳಿಗೆ ಸಂಜೆ ಬರುವ ಪಿಗ್ಮಿ ಸಂಗ್ರಾಹಕನ ಕೈಯಲ್ಲೀಗ ಚೀಟಿ ಮುದ್ರಿಸುವ ಪುಟ್ಟ ಯಂತ್ರವಿದೆ. ದಿನದ ವ್ಯಾಪಾರ ಏರಿತೋ ಇಳಿಯಿತೋ ಎಂಬ ಸುಳಿವು ಅಂದೇ ಬ್ಯಾಂಕಿಗೆ ತಲುಪುತ್ತದೆ. ಈ ಪದ್ಧತಿಯ ಬೇರು ಘಟ್ಟದ ಕೆಳಗಿನ ಉಡುಪಿಯಲ್ಲಿದೆ. ಅದರ ರೂವಾರಿಗಳಲ್ಲಿ ಪ್ರಮುಖರು ಡಾ. ಟಿ.ಎಂ.ಎ. ಪೈ.

ತೋನ್ಸೆ ಮಾಧವ ಅನಂತ ಪೈ ಜನಿಸಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ವೈದ್ಯ ಪದವಿ ಪಡೆದು ಊರಿಗೆ ಮರಳಿದಾಗ ಕರಾವಳಿಯ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು. 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ವಾಮನ ಕುಡ್ವರೊಡಗೂಡಿ ಅವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಆರಂಭದ ಬಂಡವಾಳ ಕೇವಲ 8,000 ರೂಪಾಯಿ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

ಪಿಗ್ಮಿ ಯೋಜನೆ ಆರಂಭವಾದದ್ದು 1928ರಲ್ಲಿ. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದ. ಎಂಟು ದಿನ ಕೂಡಿಸಿದರೆ ಒಂದು ರೂಪಾಯಿ! ಬ್ಯಾಂಕಿನ ಮೆಟ್ಟಿಲು ತುಳಿಯಲು ಹಿಂಜರಿಯುವವರ ಬಳಿಗೆ ಬ್ಯಾಂಕೇ ನಡೆದುಹೋಯಿತು.

ಪಿಗ್ಮಿಯನ್ನು ಉಳಿತಾಯದ ಪಾಠವೆಂದು ಹೊಗಳುವುದು ವಾಡಿಕೆ. ಅದಕ್ಕೆ ಇನ್ನೊಂದು ಮುಖವೂ ಇದೆ. ಅಢಾವೆ ಪತ್ರಿಕೆ ವರ್ಷ ಕಳೆದ ಮೇಲೆ ಹೇಳುವುದನ್ನು ಸಂಗ್ರಾಹಕನ ಪುಸ್ತಕ ಅಂದಂದೇ ಹೇಳಬಲ್ಲದು. ಯಾವ ಬೀದಿಯಲ್ಲಿ ಹಣ ಓಡಾಡುತ್ತಿದೆ, ಯಾರ ಕಂತು ತಪ್ಪುತ್ತಿದೆ, ಯಾರಿಗೆ ಧೈರ್ಯವಾಗಿ ಸಾಲ ಕೊಡಬಹುದು ಎಂಬುದಕ್ಕೆ ಅದರಲ್ಲಿ ಆಧಾರವಿತ್ತು. ಇಂದಿನ ಕಂಪನಿಗಳು ಕ್ಷಣಕ್ಷಣದ ಲೆಕ್ಕವನ್ನು ಗಣಕಯಂತ್ರದ ಪರದೆಯ ಮೇಲೆ ನೋಡಿ ನಿರ್ಧಾರ ಕೈಗೊಳ್ಳುವುದರ ಹಿಂದಿನ ತರ್ಕವೂ ಇದೇ ಅಲ್ಲವೇ? ಒಂದು ವ್ಯತ್ಯಾಸವಿದೆ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಕಂತು ತಪ್ಪಿದರೆ ಅಂಕಿ ಕುಸಿತವನ್ನಷ್ಟೇ ತೋರಿಸುತ್ತದೆ. ಕಾರಣ ಗೊತ್ತಿರುವುದು ಆ ಮನೆಯ ಬಾಗಿಲಿಗೆ ಹೋಗಿಬಂದವನಿಗೆ. ಯಂತ್ರವನ್ನಷ್ಟೇ ನೆಚ್ಚಿದವರು ಎಡವುವುದು ಇಲ್ಲಿಯೇ ಎಂದು ತೋರುತ್ತದೆ.

ಹೀಗೆ ಬಾಗಿಲಿನಿಂದ ಬಾಗಿಲಿಗೆ ಅಲೆದವರಿಗೆ ಸಿಗುತ್ತಿದ್ದುದು ಕಮಿಷನ್ ಮಾತ್ರ. ಅವರೂ ಕೈಗಾರಿಕಾ ವಿವಾದ ಕಾಯ್ದೆಯನ್ವಯ ಕಾರ್ಮಿಕರೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2001ರಲ್ಲಿ. ಯೋಜನೆ ಹುಟ್ಟಿ ಆಗಲೇ ಏಳು ದಶಕ ಸಂದಿತ್ತು. ಸಿಂಡಿಕೇಟ್ ಬ್ಯಾಂಕಿನ ಸಂಗ್ರಾಹಕರ ವ್ಯಾಜ್ಯವದು ಎಂಬುದು ಗಮನಾರ್ಹ.

ಪೈ ಅವರ ಆಸಕ್ತಿ ಬ್ಯಾಂಕಿಗೆ ಸೀಮಿತವಾಗಿರಲಿಲ್ಲ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಅವರ ಶ್ರಮದಿಂದ ತಲೆಯೆತ್ತಿದವು. 1969ರಲ್ಲಿ ಬ್ಯಾಂಕ್ ರಾಷ್ಟ್ರೀಕರಣಗೊಂಡಿತು. 1972ರಲ್ಲಿ ಪದ್ಮಶ್ರೀ ಗೌರವ ಸಂದಿತು. 1979ರ ಮೇ 29ರಂದು ಅವರು ನಿಧನರಾದಾಗ ದೇಶದ ಬ್ಯಾಂಕ್ ಶಾಖೆಗಳಲ್ಲಿ ಇನ್ನೂ ದಪ್ಪ ಲೆಡ್ಜರುಗಳದೇ ರಾಜ್ಯಭಾರ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಬ್ಯಾಂಕಿನೊಂದಿಗೆ ಹೋಗಲಿಲ್ಲ; ಅದೀಗ ಊರೂರಿನ ಸಹಕಾರ ಸಂಘಗಳ ಪಾಸ್‌ಬುಕ್ಕುಗಳಲ್ಲಿದೆ.