ಅಮಲಿನಿಂದ ಮರಳಿ ಬಂದ ರೋಣದ ಗಾಯಕ

ಕ್ರೀಡಾಪಟುವೊಬ್ಬ ಮಾದಕ ವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮುಂದಿನ ದಾರಿ ನಿಯಮಗಳಲ್ಲಿ ಬರೆದಿರುತ್ತದೆ. 1991ರಲ್ಲಿ ಕೊಕೇನ್ ಸೇವನೆ ಸಾಬೀತಾದಾಗ ಫುಟ್‌ಬಾಲ್ ತಾರೆ ಡಿಯೆಗೊ ಮರಡೋನಾ ಅವರಿಗೆ 15 ತಿಂಗಳ ನಿಷೇಧ ವಿಧಿಸಲಾಯಿತು. ಅವಧಿ ಮುಗಿದ ಮೇಲೆ 1992ರಲ್ಲಿ ಅವರು ಸ್ಪೇನಿನ ಸೆವಿಲ್ಲಾ ತಂಡದ ಪರ ಮತ್ತೆ ಅಂಗಣಕ್ಕಿಳಿದರು. ಸಂಗೀತಗಾರರಿಗೆ ಇಂಥ ಮಂಡಳಿಯಿಲ್ಲ, ಶಿಕ್ಷೆಯ ಅವಧಿಯಿಲ್ಲ, ಮರುಪ್ರವೇಶದ ಪತ್ರವೂ ಇಲ್ಲ. ಮದ್ಯದ ಹಿಡಿತಕ್ಕೆ ಸಿಲುಕಿ, ಅದರಿಂದ ಬಿಡಿಸಿಕೊಂಡು ವೇದಿಕೆಯನ್ನು ಮತ್ತೆ ಆಳಿದ ಪಂಡಿತ ಭೀಮಸೇನ ಜೋಶಿ ಅವರ ಬದುಕು ಆ ಕಾರಣಕ್ಕೇ ಕುತೂಹಲಕರ.

ಈಗಿನ ಗದಗ ಜಿಲ್ಲೆಯ ರೋಣದಲ್ಲಿ 1922ರ ಫೆಬ್ರವರಿ 4ರಂದು ಅವರು ಜನಿಸಿದರು. ತಂದೆ ಗುರುರಾಜ ಜೋಶಿ ಶಾಲಾ ಶಿಕ್ಷಕರು. ಹದಿನಾರು ಮಕ್ಕಳಲ್ಲಿ ಭೀಮಸೇನರೇ ಹಿರಿಯರು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿದ ಬಾಲಕನಿಗೆ ಸಂಗೀತದ ಹುಚ್ಚು ಹಿಡಿಯಿತು. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಅರಸಿ ಮನೆ ಬಿಟ್ಟರು. ಗ್ವಾಲಿಯರ್, ರಾಂಪುರ, ಕೋಲ್ಕತ್ತ, ದೆಹಲಿ ಎಂದು ಅಲೆದವರನ್ನು ಕೊನೆಗೆ ತಂದೆ ಪತ್ತೆಹಚ್ಚಿದ್ದು ದೂರದ ಜಲಂಧರಿನಲ್ಲಿ. ಹುಡುಕಿದ ಗುರು ದೊರೆತದ್ದು ಮಾತ್ರ ಊರಿನ ಹತ್ತಿರದಲ್ಲೇ! 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಅವರನ್ನು ಶಿಷ್ಯನಾಗಿ ಸ್ವೀಕರಿಸಿದರು. ಗಂಗೂಬಾಯಿ ಹಾನಗಲ್ ಕೂಡ ಅದೇ ಗುರುವಿನ ಶಿಷ್ಯೆ.

ಭೀಮಸೇನರ ದೇಹವೂ ಕ್ರೀಡಾಪಟುವಿನದೇ. ಯೌವನದಲ್ಲಿ ಅವರು ಈಜುಗಾರರು, ಯೋಗಾಸಕ್ತರು, ಫುಟ್‌ಬಾಲ್ ಆಟಗಾರರು. ಕಿರಾಣಾ ಘರಾಣೆಯ ಗಾಯನಕ್ಕೆ ಆ ಕಸುವು ಬೇಕಿತ್ತು. ವಿಲಂಬಿತ ಖಯಾಲಿನಲ್ಲಿ ಒಂದೊಂದೇ ಸ್ವರವನ್ನು ಹಿಡಿದು ನಿಲ್ಲಿಸುವುದು, ಕೊನೆಗೆ ಮಿಂಚಿನ ತಾನುಗಳಿಗೆ ಏರುವುದು ಶ್ವಾಸಕೋಶಕ್ಕೆ ಕುಸ್ತಿಯ ಅಖಾಡವೇ ಸರಿ.

1941ರಲ್ಲಿ ಮೊದಲ ಕಛೇರಿ, ಮರುವರ್ಷ ಎಚ್‌ಎಂವಿ ಧ್ವನಿಮುದ್ರಿಕೆ, 1943ರಲ್ಲಿ ಮುಂಬೈ ರೇಡಿಯೊ. ಗುರು 1952ರಲ್ಲಿ ನಿಧನರಾದ ಬಳಿಕ, 1953ರಲ್ಲಿ ಪುಣೆಯಲ್ಲಿ ಅವರ ಹೆಸರಿನ ಸಂಗೀತ ಮಹೋತ್ಸವ ಆರಂಭವಾಯಿತು. ದೇಶದುದ್ದಕ್ಕೂ ಕರೆಗಳು ಬಂದವು. ಕಾರು ಓಡಿಸುವುದರಲ್ಲೂ ಅದರ ಯಂತ್ರ ಬಿಚ್ಚುವುದರಲ್ಲೂ ಪ್ರವೀಣರಾಗಿದ್ದ ಅವರು ಊರಿಂದೂರಿಗೆ ತಾವೇ ಚಾಲನೆ ಮಾಡಿಕೊಂಡು ಹೋಗುತ್ತಿದ್ದುದುಂಟು. ವಿಮಾನದಲ್ಲಿ ಸದಾ ಸುತ್ತುತ್ತಿದ್ದುದರಿಂದ ರಸಿಕರು ಅವರನ್ನು ಹವಾಯಿ ಗಂಧರ್ವ ಎಂದೂ ಕರೆದರು.

ಇದೇ ಯಶಸ್ಸಿನ ಕಾಲದಲ್ಲಿ ಕುಡಿತವೂ ಬೆಳೆಯಿತು. ಅವರ ಈ ದೌರ್ಬಲ್ಯ ಸಂಗೀತಲೋಕದಲ್ಲಿ ಗುಟ್ಟಾಗಿರಲಿಲ್ಲ. ಅದು ವೃತ್ತಿಯನ್ನೇ ಬಾಧಿಸತೊಡಗಿತು. 1972ರಲ್ಲಿ ಪದ್ಮಶ್ರೀ ಬಂದಿತ್ತು. ಆದರೆ ಪ್ರಶಸ್ತಿ ಕಂಠವನ್ನು ಕಾಯದು. ಆಟಗಾರನಿಗಾದರೆ ನಿಷೇಧದ ಆದೇಶವೇ ಎಚ್ಚರಿಕೆಯ ಗಂಟೆಯಾಗುತ್ತದೆ. ಜನಪ್ರಿಯ ಗಾಯಕನಿಗೆ ಚಪ್ಪಾಳೆ ನಿಲ್ಲುವುದಿಲ್ಲ, ಅಪಾಯ ಹೆಚ್ಚಿರುವುದು ಅಲ್ಲಿಯೇ.

1970ರ ದಶಕದ ಕೊನೆಯ ಹೊತ್ತಿಗೆ ಭೀಮಸೇನರು ಮದ್ಯವನ್ನು ತ್ಯಜಿಸಿದರು. ಆಗ ಅವರಿಗೆ ಐವತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ಹಲವು ಗಾಯಕರ ಕಂಠ ಇಳಿಮುಖವಾಗಿರುತ್ತದೆ. ಅವರ ಮರುಪ್ರವೇಶಕ್ಕೆ ಯಾರ ಸಹಿಯೂ ಇರಲಿಲ್ಲ. ಪ್ರತಿ ಕಛೇರಿಯೂ ಹೊಸ ಪರೀಕ್ಷೆಯೇ. ಅದರಲ್ಲಿ ಅವರು ಗೆದ್ದರೆಂಬುದಕ್ಕೆ ಮುಂದಿನ ಮೂರು ದಶಕಗಳೇ ಸಾಕ್ಷಿ. 1985ರಲ್ಲಿ ಪದ್ಮಭೂಷಣ ಬಂತು. ಅನ್‌ಕಹೀ ಚಿತ್ರದ ಹಾಡಿಗೆ ರಾಷ್ಟ್ರೀಯ ಪ್ರಶಸ್ತಿ ಸಂದಿತು. 1988ರಲ್ಲಿ ದೂರದರ್ಶನದ ಮಿಲೆ ಸುರ್ ಮೇರಾ ತುಮ್ಹಾರಾ ಅವರ ದನಿಯನ್ನು ಶಾಸ್ತ್ರೀಯ ಸಂಗೀತ ಕೇಳದ ಮನೆಗಳಿಗೂ ತಲುಪಿಸಿತು. ಕನ್ನಡಿಗರಿಗೆ ಅವರ ದಾಸರ ಪದಗಳು ಮನೆಮಾತು.

1999ರಲ್ಲಿ ಪದ್ಮವಿಭೂಷಣ, 2005ರಲ್ಲಿ ಕರ್ನಾಟಕ ರತ್ನ, 2008ರಲ್ಲಿ ಭಾರತ ರತ್ನ ಘೋಷಣೆಯಾದವು. 2011ರ ಜನವರಿ 24ರಂದು ಪುಣೆಯಲ್ಲಿ, 88ನೇ ವಯಸ್ಸಿನಲ್ಲಿ, ಅವರು ನಿಧನರಾದರು. ಗುರುವಿನ ಹೆಸರಿನಲ್ಲಿ ಅವರು ಕಟ್ಟಿ ಬೆಳೆಸಿದ ಉತ್ಸವಕ್ಕೆ ಬಳಿಕ ಶಿಷ್ಯನ ಹೆಸರೂ ಸೇರಿ, ಅದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವಾಯಿತು.