ಕಲ್ಲು ಓದಿಸಿದ ವಕೀಲರು: ಆಲೂರ ವೆಂಕಟರಾಯರೂ ಧಾರವಾಡದ ಇತಿಹಾಸ ಮಂಡಳವೂ

ನವೆಂಬರ್ ಒಂದು ಬಂತೆಂದರೆ ಆಲೂರ ವೆಂಕಟರಾಯರ ಫೋಟೋಕ್ಕೆ ಹಾರ ಬೀಳುತ್ತದೆ. ಕುಲಪುರೋಹಿತರು ಎಂದು ನಾಲ್ಕು ಮಾತು ಆಗುತ್ತವೆ, ಚಹಾ-ಚೂಡಾ ಆಗುತ್ತದೆ, ಮಂದಿ ಮನೆಗೆ ಹೋಗುತ್ತಾರೆ. ಧಾರವಾಡದಲ್ಲಿ ಅವರ ಹೆಸರಿನ ಭವನ ಇದೆ, ಬೆಂಗಳೂರಿನ ಚಾಮರಾಜಪೇಟೆ ಕಡೆ ಅವರ ಹೆಸರಿನ ರಸ್ತೆಯೂ ಇದೆ. ಆದರೆ ಇದೇ ಮನುಷ್ಯ 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಕಟ್ಟಿ, ಬಟ್ಟೆ ಒಗೆಯುವ ಕಲ್ಲಾಗಿ ಹೋಗುತ್ತಿದ್ದ ಶಾಸನಗಳಿಗೆ ಬೆಲೆ ಬರುವಂತೆ ಮಾಡಿದರು ಎಂಬ ಸಂಗತಿ ಸುಭಾಸ ರೋಡಿನ ಅಂಗಡಿಕಾರರಲ್ಲಿ ಎಷ್ಟು ಮಂದಿಗೆ ಗೊತ್ತು?

ರಾಯರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ತಂದೆ ಭೀಮರಾಯರು ಸರಕಾರದಲ್ಲಿ ಶಿರಸ್ತೇದಾರರು. ಶಿರಸ್ತೇದಾರರ ಮನೆ ಅಂದರೆ ಮೂರು ವರ್ಷ ಒಂದೂರು, ಎರಡು ವರ್ಷ ಇನ್ನೊಂದೂರು. ಹೀಗೆ ಊರೂರು ತಿರುಗಿ ಹುಡುಗ ಧಾರವಾಡದ ಹೈಸ್ಕೂಲಿಗೆ ಬಂದ. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜು. 1903ರಲ್ಲಿ ಬಿ.ಎ., 1905ರಲ್ಲಿ ಮುಂಬಯಿಯಿಂದ ಎಲ್‌ಎಲ್.ಬಿ. ಆ ಕಾಲಕ್ಕೆ ಇಷ್ಟು ಓದಿದವನು ಮುಪ್ಪಿನವರೆಗೆ ರೊಕ್ಕದ ಚಿಂತೆ ಮಾಡಬೇಕಾಗಿರಲಿಲ್ಲ.

ಆದರೆ ಪುಣೆ ಅವರಿಗೆ ಬರೇ ಡಿಗ್ರಿ ಕೊಟ್ಟು ಕಳಿಸಲಿಲ್ಲ. ಅಲ್ಲಿ ಲೋಕಮಾನ್ಯ ತಿಲಕರಿದ್ದರು. ಶಿವಾಜಿ ಉತ್ಸವ, ಗಣೇಶೋತ್ಸವ ಜೋರಾಗಿದ್ದವು. ಮರಾಠಿ ಹುಡುಗರಿಗೆ ತಮ್ಮ ಕೋಟೆ ಯಾವುದು, ತಮ್ಮ ರಾಜ ಯಾರು ಎಂಬುದು ಬಾಯಿಪಾಠ. ಕನ್ನಡದ ಹುಡುಗರಿಗೆ? ಧಾರವಾಡ ಸೀಮೆಯ ಸುಶಿಕ್ಷಿತರ ಮನೆಗಳಲ್ಲೇ ಆಗ ಪತ್ರವ್ಯವಹಾರ ಮರಾಠಿಯಲ್ಲಿ ನಡೆಯುತ್ತಿತ್ತು. ಕನ್ನಡ ಅಂದರೆ ಒಕ್ಕಲಿಗರ ಮಾತು, ಸಂತೆಯ ಮಾತು. ಇದಕ್ಕೂ ಒಬ್ಬ ರಾಜನಿದ್ದ, ರಾಜಧಾನಿ ಇತ್ತು ಅಂದರೆ ನಗುವ ಹೊತ್ತು ಅದು.

1905ರ ಮೇ 4ರಂದು ರಾಯರು ಹಂಪೆ ನೋಡಿದರು. ಇಂದು ಹಂಪೆಗೆ ಹೋಗಿಬರುವುದು ಒಂದು ದಿನದ ಟ್ರಿಪ್ಪು. ಆಗ ಅದು ಮುಳ್ಳುಕಂಟಿ ಬೆಳೆದ ಹಾಳೂರು. ಒಡೆದ ಕಂಬ, ಮೂಗು ಹೋದ ಮೂರ್ತಿ, ಬಾಗಿಲಿಲ್ಲದ ಗುಡಿ. 24 ವರ್ಷದ ಈ ತರುಣನಿಗೆ ಅದೆಲ್ಲ ತನ್ನ ಮನೆ ಎಂದು ಹೊಳೆದುಬಿಟ್ಟಿತು. ಆ ತಾರೀಖನ್ನು ರಾಯರು ಸಾಯುವತನಕ ಮರೆಯಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಆಗಿನ ಹಂಪೆ ಮದ್ರಾಸು ಸರಕಾರದ್ದು. ಹೊಳೆ ದಾಟಿ ಆನೆಗುಂದಿಗೆ ಕಾಲಿಟ್ಟರೆ ನಿಜಾಮರ ರಾಜ್ಯ. ಚಾಲುಕ್ಯರ ಬಾದಾಮಿ, ಕದಂಬರ ಬನವಾಸಿ ಮುಂಬಯಿ ಇಲಾಖೆಯವು. ರಾಷ್ಟ್ರಕೂಟರ ಮಳಖೇಡ, ಬಸವಣ್ಣನವರ ಕಲ್ಯಾಣ ಎರಡೂ ನಿಜಾಮರ ಕೈಯಲ್ಲಿ. ಹೊಯ್ಸಳರ ಹಳೇಬೀಡು ಮೈಸೂರು ಅರಸರಿಗೆ ಸೇರಿದ್ದು. ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸೊಂಡೂರು ಎಂದು ಚಿಕ್ಕ ಸಂಸ್ಥಾನಗಳು. ಕನ್ನಡಿಗರ ಇತಿಹಾಸ ಬರೆಯಲು ಕೂತವನು ಈ ಎಲ್ಲ ಗಡಿ ದಾಟಲೇಬೇಕು. ದಾಟಿದವನ ಕಣ್ಣಿಗೆ ಗಡಿಯೇ ಸುಳ್ಳು ಎಂದು ಕಾಣುವುದು ಸಹಜ. ಏಕೀಕರಣದ ಬೇಡಿಕೆ ಭಾಷಣದಿಂದ ಹುಟ್ಟಿತು ಎನ್ನುವವರು ಇದ್ದಾರೆ. ಖರೇ ಹೇಳಬೇಕಂದರೆ ಅದರ ಅರ್ಧ ಹುಟ್ಟಿದ್ದು ಹಾಳುಬಿದ್ದ ರಾಜಧಾನಿಗಳ ಪಟ್ಟಿಯಿಂದ.

ಹಾಗಾದರೆ ಅದಕ್ಕೂ ಮೊದಲು ನಮ್ಮ ಇತಿಹಾಸ ಯಾರೂ ಬರೆದಿರಲಿಲ್ಲವೆ? ಬರೆದಿದ್ದರು, ಆದರೆ ನಮಗಾಗಿ ಅಲ್ಲ. ವಾಲ್ಟರ್ ಈಲಿಯಟ್ ಎಂಬ ಇಂಗ್ಲಿಷ್ ಅಧಿಕಾರಿ 1824ರ ಕಿತ್ತೂರು ಕಾಳಗದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕವನು. ಬಿಡುಗಡೆಯಾಗಿ ಬಂದ ಮೇಲೆ ಇದೇ ಸೀಮೆಯ 595 ಶಾಸನಗಳ ಪ್ರತಿ ಮಾಡಿಸಿದ. ಚೆನ್ನಮ್ಮನ ಸೆರೆಯಾಳು ನಮ್ಮ ಕಲ್ಲು ಎಣಿಸಿದ, ನಾವು ಎಣಿಸಲಿಲ್ಲ! ಫ್ಲೀಟ್ ಸಾಹೇಬ 1882ರಲ್ಲಿ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಮೇಲೆ ಪುಸ್ತಕ ತಂದ. 1900ರಲ್ಲಿ ಸಿವೆಲ್ ಎಂಬವನು ವಿಜಯನಗರದ ಕಥೆ ಬರೆದ. ಎಲ್ಲ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಬಲ್ಲವರಿಗೆ. ಮೈಸೂರು ಸೀಮೆಯಲ್ಲಿ ರೈಸ್ ಸಾಹೇಬ ಸಂಪುಟದ ಮೇಲೆ ಸಂಪುಟ ಶಾಸನ ಅಚ್ಚು ಹಾಕಿಸುತ್ತಿದ್ದ, ಅಲ್ಲಿ ಅದಕ್ಕೊಂದು ಇಲಾಖೆಯೇ ಇತ್ತು. ಧಾರವಾಡ ಕಡೆಯ ಕಲ್ಲುಗಳಿಗೆ ಅಂಥ ಆಸರೆ ಇರಲಿಲ್ಲ. ನಮ್ಮ ನರೇಂದ್ರದ ದೊಡ್ಡ ಶಾಸನಗಳನ್ನೇ ನೋಡಿ. 1125ರ ಸುಮಾರಿನವು, ಗೋವೆಯ ಕದಂಬರ ಕಾಲದವು. ಅವನ್ನು ಓದಿ ಪ್ರಕಟಿಸಿದವನು ಬಾರ್ನೆಟ್ ಎಂಬ ಇಂಗ್ಲಿಷ್ ಪಂಡಿತ.

ಪುಣೆಯವರು 1910ರಲ್ಲೇ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿಕೊಂಡಿದ್ದರು. ನಾಲ್ಕು ವರ್ಷಕ್ಕೆ ಧಾರವಾಡದಲ್ಲಿ ಕರ್ನಾಟಕದ ಮಂಡಳ ಎದ್ದಿತು. ಧಾರವಾಡಕ್ಕೆ ಸಂಘ-ಸಂಸ್ಥೆ ಹೊಸದೇನಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದಲೇ ಇತ್ತು. ರಾಯರು ಅದರ 'ವಾಗ್ಭೂಷಣ' ಪತ್ರಿಕೆ ನೋಡಿಕೊಂಡವರು, 1907ರಲ್ಲಿ ಕನ್ನಡ ಗ್ರಂಥಕರ್ತರನ್ನು ಒಂದೆಡೆ ಸೇರಿಸಿದವರು. ಆದರೆ ಇತಿಹಾಸದ ಕೆಲಸಕ್ಕೆ ಸಭೆ ಸಾಲದು, ಬಿಸಿಲಲ್ಲಿ ತಿರುಗುವ ಮಂದಿ ಬೇಕು.

ಇಂಥ ಮಂಡಳದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದವರು ಕಡಿಮೆ. ಶಾಸನದ ಕಲ್ಲು ಎಲ್ಲಿರುತ್ತದೆ? ಗುಡಿಯ ಹಿಂದೆ, ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ, ಕೆಲವು ಸಲ ಯಾರದೋ ಹಿತ್ತಲ ಬಚ್ಚಲಿಗೆ ಹಾಸುಗಲ್ಲಾಗಿ. ಮೊದಲು ಅದರ ಮೇಲಿನ ಎಣ್ಣೆ, ಸುಣ್ಣ, ಪಾಚಿ ತಿಕ್ಕಿ ತೊಳೆಯಬೇಕು. ತೊಯ್ಯಿಸಿದ ಕಾಗದ ಹಚ್ಚಿ ಗಡುಸು ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರದ ಗುಣಿಯೊಳಗೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಒತ್ತಿದರೆ ಕಲ್ಲು ಕಪ್ಪಾಗಿ, ಅಕ್ಷರ ಬೆಳ್ಳಗೆ ನಿಲ್ಲುತ್ತದೆ. ಗಾಳಿ ಬೀಸಿತೋ, ಕಾಗದ ಹರಿದು ಮತ್ತೆ ಮೊದಲಿಂದ. ಓದುವುದು ಆಮೇಲಿನ ಮಾತು. ಅದು ಹಳಗನ್ನಡ, ಅಕ್ಷರವೂ ಹಳೆಯದು, ಕಾಲ ಶಕವರ್ಷದಲ್ಲಿ. ಶಕಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ.

ಇಷ್ಟು ಕಷ್ಟಪಟ್ಟು ಓದಿದರೆ ಸಿಗುವುದು ಏನು? ರಾಜನ ಬಿರುದುಗಳು ಮಾತ್ರ ಎಂದು ತಿಳಿದವರು ಮೋಸ ಹೋದರು. ಪ್ಯಾಟಿ ಮಂದಿ ಕೇಳಬೇಕಾದ ಸಂಗತಿ ಅಲ್ಲೇ ಇದೆ. ಗುಡಿಯ ದೀಪಕ್ಕೆ ಒಂದೊಂದು ಗಾಣದಿಂದ ಒಂದು ಸೊಲ್ಲಿಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಸುಂಕದಲ್ಲಿ ಇಷ್ಟು ಬಿಟ್ಟುಕೊಟ್ಟದ್ದು, ಇವೆಲ್ಲ ಕಲ್ಲಿನ ಮೇಲೆ ಕಟೆದಿವೆ. ಐಹೊಳೆಯ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ದೇಶವೆಲ್ಲ ವ್ಯಾಪಾರ ಮಾಡಿತ್ತು. ಇಂದಿನ ಮರ್ಚಂಟ್ಸ್ ಅಸೋಸಿಯೇಷನ್ನಿನವರಿಗೆ ಅವರೇ ಹಿರಿಯರು. ಲಕ್ಕುಂಡಿಯ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರು ಉಳಿದದ್ದೂ ಶಾಸನದಿಂದ ಮತ್ತು ಕವಿ ರನ್ನನಿಂದ. ಶಾಸನ ಅಂದರೆ ಆ ಕಾಲದ ಖರೇದಿಪತ್ರ, ದಾನಪತ್ರ. ಕೊನೆಗೆ ಶಾಪವನ್ನೂ ಬರೆದಿರುತ್ತಾರೆ. ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂಬ ಧಾಟಿಯದು. ಸಬ್‌ರಿಜಿಸ್ಟ್ರಾರ್ ಇಲ್ಲದ ಕಾಲ, ಶಾಪವೇ ಸ್ಟಾಂಪು.

ತಾಮ್ರಪಟ, ಹಳೇ ಕಡತ, ತಾಡವಾಲೆ ಕೂಡಿಸುವುದು ಕಲ್ಲಿಗಿಂತ ಕಷ್ಟ. ಕಲ್ಲು ಬಯಲಲ್ಲಿ ಇರುತ್ತದೆ, ತಾಮ್ರಪಟ ಪೆಟ್ಟಿಗೆಯಲ್ಲಿ. ತೋರಿಸಿದರೆ ಸರಕಾರ ಇನಾಮು ಹೊಲ ಕಿತ್ತುಕೊಂಡೀತು ಎಂಬ ಅಂಜಿಕೆ ಕೆಲವರಿಗೆ. ಅದರಲ್ಲಿ ನಿಧಿಯ ಗುರುತು ಇದೆ ಎಂಬ ಆಸೆ ಇನ್ನು ಕೆಲವರಿಗೆ. ಯಾವುದೂ ಇಲ್ಲದವರು ತೂಕಕ್ಕೆ ಹಾಕಿ ಬೋಗಾರರಿಗೆ ಕೊಟ್ಟುಬಿಡುತ್ತಿದ್ದರು. ಕರಗಿಸಿದ ತಾಮ್ರಪಟ ಬಿಂದಿಗೆಯಾಗುತ್ತದೆ, ಒಂದು ಅರಸುಮನೆತನದ ಹೆಸರು ಅದರ ಜೊತೆ ಹೋಗುತ್ತದೆ.

ಮಂಡಳ ಕಟ್ಟಿ ಮೂರು ವರ್ಷಕ್ಕೆ, 1917ರಲ್ಲಿ, ರಾಯರ 'ಕರ್ನಾಟಕ ಗತವೈಭವ' ಹೊರಬಂತು. ಹಂಪೆ ನೋಡಿ ಬಂದು ಹನ್ನೆರಡು ವರ್ಷ ಆಗಿತ್ತು. ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು ಎಲ್ಲರನ್ನೂ ಒಂದೇ ಮನೆಯ ಮಕ್ಕಳಂತೆ ಅದರಲ್ಲಿ ಸಾಲಾಗಿ ನಿಲ್ಲಿಸಿದರು. ಪಂಡಿತರಿಗೆ ಬರೆದ ಪುಸ್ತಕ ಅದಲ್ಲ. ಕನ್ನಡ ಶಾಲೆ ಮಾಸ್ತರು ಓದಿ ಕಟ್ಟೆಯ ಮೇಲೆ ಕೂತವರಿಗೆ ಹೇಳಬಹುದಾದ ಭಾಷೆ. ನಮಗೂ ಹಿಂದೆ ಏನೋ ಇತ್ತಂತೆ ಎಂಬ ಮಾತು ಮೊದಲ ಸಲ ಮನೆಮನೆಗೆ ಹೋದದ್ದು ಈ ಪುಸ್ತಕದಿಂದ.

ಆದರೆ ಒಪ್ಪಬೇಕಾದ ಮಾತನ್ನು ಒಪ್ಪಬೇಕು. ಅದು ವಕೀಲರು ಬರೆದ ಇತಿಹಾಸ. ಪಕ್ಷಗಾರ ಸೋಲಬಾರದು ಎಂದು ವಾದಿಸುವ ಧಾಟಿ ಅದರಲ್ಲಿದೆ. ಹಿಂದಿನ ಕಾಲದಲ್ಲಿ ಹೊಟ್ಟೆಗಿಲ್ಲದವರೂ ಇದ್ದರು, ಅರಸರು ತಮ್ಮ ಮಂದಿಯನ್ನೂ ಸುಲಿದರು ಎಂಬ ಕಡೆಗೆ ಲಕ್ಷ್ಯ ಕಡಿಮೆ. 1907ರಲ್ಲಿ ರಾಯರು ವಿದ್ಯಾರಣ್ಯರ ಚರಿತ್ರೆ ಬರೆದಿದ್ದರು. ವಿಜಯನಗರಕ್ಕೆ ವಿದ್ಯಾರಣ್ಯರೇ ಮೂಲಪುರುಷರು ಎಂಬುದು ಅವರ ಗಟ್ಟಿ ನಂಬಿಕೆ. 1929ರಲ್ಲಿ ಮುಂಬಯಿಯ ಫಾದರ್ ಹೆರಾಸ್ ಈ ಕಥೆ ಆಮೇಲೆ ಕಟ್ಟಿದ್ದು ಎಂದು ವಾದ ಹೂಡಿದರು. ಆ ತಕರಾರು ಇಂದಿಗೂ ಪೂರ್ತಿ ಮುಗಿದಿಲ್ಲ. ಮೆಚ್ಚಬೇಕಾದ್ದು ಏನೆಂದರೆ, ಅಭಿಮಾನದಿಂದ ಶುರುವಾದ ಮಂಡಳ ಅಲ್ಲಿಗೇ ನಿಲ್ಲಲಿಲ್ಲ. 1930ರ ದಶಕದಲ್ಲಿ 'ಕರ್ನಾಟಕ ಹಿಸ್ಟಾರಿಕಲ್ ರಿವ್ಯೂ' ಎಂಬ ಪತ್ರಿಕೆ ತಂದು, ಆಧಾರ ಎಲ್ಲಿ ಎಂದು ಕೇಳುವ ವಿದ್ವಾಂಸರಿಗೆ ಜಾಗ ಕೊಟ್ಟಿತು.

ಇದಕ್ಕೆಲ್ಲ ರೊಕ್ಕ ಎಲ್ಲಿಂದ? ವಕೀಲಿ ಬಿಟ್ಟಾಗಿತ್ತು. ಕೋರ್ಟಿನ ಕರಿ ಕೋಟು ಗೂಟಕ್ಕೆ ಹಾಕಿದ ಮೇಲೆ ಬರವಣಿಗೆಯಿಂದ ಸಂಸಾರ ನಡೆಯುವುದೇ? 1922ರಲ್ಲಿ 'ಜಯಕರ್ನಾಟಕ' ಮಾಸಪತ್ರಿಕೆ ಶುರುಮಾಡಿದರು. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಅಂಗಡಿ ನಡೆಸಿದವರಿಗೆ ತಿಳಿಯುತ್ತದೆ, ಪತ್ರಿಕೆ, ಪುಸ್ತಕ, ಮಂಡಳ ಮೂರೂ ಖರ್ಚಿನ ಬಾಬತ್ತೇ ಹೊರತು ಜಮೆಯ ಬಾಬತ್ತಲ್ಲ. ಜೊತೆಗೆ ರಾಜಕಾರಣ. 1920ರಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಕೂಡಿತು. ಅದೇ ವರ್ಷ ನಾಗಪುರ ಕಾಂಗ್ರೆಸ್ಸಿನ ಹೊತ್ತಿಗೆ ಕನ್ನಡಿಗರಿಗೆ ಪ್ರತ್ಯೇಕ ಪ್ರಾಂತ ಕಾಂಗ್ರೆಸ್ ಸಮಿತಿ ಸಿಕ್ಕಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ರಾಯರೇ ಅಧ್ಯಕ್ಷರು. ಆದರೂ ಮನಸ್ಸು ಮತ್ತೆ ಮತ್ತೆ ಹಂಪೆಗೇ ಹೋಗುತ್ತಿತ್ತು.

1936ಕ್ಕೆ ವಿಜಯನಗರ ಸ್ಥಾಪನೆಯಾಗಿ ಆರುನೂರು ವರ್ಷ. ಸ್ಥಾಪನೆ 1336ರಲ್ಲೋ 1346ರಲ್ಲೋ ಎಂದು ಪಂಡಿತರು ಜಗಳಾಡಲಿ, ಉತ್ಸವ ನಿಲ್ಲಬಾರದು ಎಂದು ರಾಯರು ಟೊಂಕ ಕಟ್ಟಿದರು. ಹಂಪೆಯಲ್ಲಿ ಉತ್ಸವ ಆಯಿತು. ಧಾರವಾಡದ ಮಂಡಳ ಹಾಗೂ ಬೆಂಗಳೂರಿನ ಮಿಥಿಕ್ ಸೊಸೈಟಿ ಕೂಡಿ ದಪ್ಪ ಸ್ಮಾರಕ ಗ್ರಂಥ ತಂದವು. ಮುಂಬಯಿ ಕರ್ನಾಟಕದ ಮಂಡಳ, ಮೈಸೂರು ಸೀಮೆಯ ಸೊಸೈಟಿ, ಮದ್ರಾಸು ಇಲಾಖೆಯ ಹಂಪೆ, ಮೂರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದವು. ನಕಾಶೆಯಲ್ಲಿ ಒಂದಾಗಲು ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.

1939ರಲ್ಲಿ ಮುಂಬಯಿ ಸರಕಾರವೇ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆಯಿತು. ಆರ್.ಎಸ್. ಪಂಚಮುಖಿಯವರು ಅದರ ಮುಖ್ಯಸ್ಥರಾದರು. ಖಾಸಗಿ ಮಂಡಳದವರು ವರ್ಗಣಿ ಎತ್ತಿ ಮಾಡುತ್ತಿದ್ದಂಥ ಕೆಲಸಕ್ಕೆ ಸರಕಾರದ ಪಗಾರ ಬಂತು.

1956ರ ನವೆಂಬರ್ 1ರಂದು ಊರೂರಲ್ಲಿ ಮೆರವಣಿಗೆ ನಡೆಯುತ್ತಿದ್ದಾಗ ರಾಯರು ಹಂಪೆಯಲ್ಲಿದ್ದರು. ವಿರೂಪಾಕ್ಷನ ಗುಡಿಯಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಆಗ ವಯಸ್ಸು 76. ಅಧಿಕಾರ ಕೇಳಲಿಲ್ಲ, ಯಾರೂ ಕರೆದು ಕೊಡಲೂ ಇಲ್ಲ. 1964ರ ಫೆಬ್ರವರಿ 25ರಂದು ಧಾರವಾಡದಲ್ಲಿ ತೀರಿಕೊಂಡರು. ರಾಜ್ಯದ ಹೆಸರು ಆಗಿನ್ನೂ ಮೈಸೂರು. ಕರ್ನಾಟಕ ಎಂದು ಆದದ್ದು 1973ರಲ್ಲಿ.

ಸಂಶೋಧನ ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಸುಪರ್ದಿಗೆ ಬಂತು. ಈ ಸೀಮೆಯ ಹಳ್ಳಿಗಳಿಂದ ತಂದ ಮೂರ್ತಿ, ಶಾಸನ, ನಾಣ್ಯ, ತಾಡವಾಲೆ ಅದರ ಮ್ಯೂಜಿಯಮ್ಮಿನಲ್ಲಿವೆ. ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬರುವವರು ಅಲ್ಲಿತನಕ ಹೋಗಬೇಕೆಂದೂ ಇಲ್ಲ. ಉಣಕಲ್ಲಿನಲ್ಲಿ ಇಳಿದು ಊರೊಳಗೆ ನಡೆದರೆ ಚಂದ್ರಮೌಳೇಶ್ವರ ಗುಡಿ ಇದೆ, ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಿಲು. ಸುತ್ತಲೂ ಮನೆಗಳು ಒತ್ತಿಕೊಂಡಿರುವುದರಿಂದ ರೋಡಿಗೆ ಕಾಣುವುದಿಲ್ಲ, ಕೇಳಿಕೊಂಡೇ ಹೋಗಬೇಕು.